ಉಡುಪು ಕಳಚಿದ ಮೇಲೆಯೇ ಮುಖವಾಡ: ವಿಷದ ಜಾಗದಿಂದ ಹೊರಬರುವ ಕ್ರಮ

ಸೀಸದ ಬಣ್ಣ ಕೆರೆಯುವುದಿರಲಿ, ಕಲ್ನಾರಿನ ಶೀಟು ಬಿಚ್ಚುವುದಿರಲಿ, ಒಳಗೆ ಹೋಗುವಾಗ ಎಲ್ಲರೂ ಜಾಗರೂಕರೇ. ಎಡವುವುದು ಹೊರಬರುವಾಗ. ಬೆವರಿನಲ್ಲಿ ತೊಯ್ದು ಬಂದವರು ಮೊದಲು ಕಿತ್ತು ತೆಗೆಯುವುದು ಮುಖವಾಡವನ್ನು. ಆಮೇಲೆ ಧೂಳು ಹಿಡಿದ ಉಡುಪನ್ನು ಕೊಡವುತ್ತಾರೆ. ಇಡೀ ಪಾಳಿ ಮೂಗಿನಿಂದ ದೂರವಿಟ್ಟ ಧೂಳು ಅರೆ ನಿಮಿಷದಲ್ಲಿ ಒಳಗೆ ಹೋಗುತ್ತದೆ. ಎಷ್ಟೋ ಸಲ ನೋಡಿ ರೋಸಿಹೋಗಿ ಇದನ್ನು ಬರೆಯುತ್ತಿದ್ದೇನೆ.

1. ಕೆಲಸಕ್ಕೆ ಮೊದಲೇ ಜಾಗವನ್ನು ಮೂರು ಮಾಡಿ: ಕೊಳೆಯ ವಲಯ, ತೊಳೆಯುವ ವಲಯ, ಶುಚಿ ವಲಯ. ಶುಚಿ ವಲಯ ಗಾಳಿ ಬೀಸಿ ಬರುವ ಕಡೆಗಿರಲಿ.

2. ಒಣ ಪೊರಕೆ ಬೇಡ. ಉಡುಪಿನ ಮೇಲೆ ಕಂಪ್ರೆಸರ್ ಗಾಳಿ ಬಿಡುವುದಂತೂ ಬೇಡವೇ ಬೇಡ. ಧೂಳನ್ನು ನೀರು ಚಿಮುಕಿಸಿ ಅಡಗಿಸಿ, ಇಲ್ಲವೇ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುವುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ‘ಹೆಪಾ ಮಾದರಿ’ ಎಂದು ಡಬ್ಬದ ಮೇಲೆ ಬರೆದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಧೂಳಲ್ಲದೆ ನೆಲಕ್ಕೆ ಚೆಲ್ಲಿದ್ದು ನೈಟ್ರಿಕ್ ಆಸಿಡ್ ಆದರೆ ಮರದ ಹೊಟ್ಟು ಸುರಿಯಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಒಣ ಮರಳು ಸಾಕು.

3. ಇನ್ನು ಕಳಚುವುದು. ಒಬ್ಬರೇ ಮಾಡುವ ಕೆಲಸವಲ್ಲ. ಕೈಗವಸು, ಮುಖವಾಡ ತೊಟ್ಟ ಸಹಾಯಕರೊಬ್ಬರು ತೊಳೆಯುವ ವಲಯದಲ್ಲಿ ನಿಂತಿರಬೇಕು. ಮೈಮೇಲಿರುವಾಗಲೇ ಬೂಟು ಮತ್ತು ಹೊರಗಿನ ಕೈಗವಸನ್ನು ಉಜ್ಜಿ ತೊಳೆಯಿರಿ, ಅತಿ ಹೆಚ್ಚು ಕೊಳೆ ಇರುವುದು ಅಲ್ಲೇ. ಉಡುಪನ್ನು ಮೇಲಿನಿಂದ ಕೆಳಕ್ಕೆ ಒರೆಸಿ. ಮಣಿಕಟ್ಟಿನ ಟೇಪು ಬಿಚ್ಚಿ. (ಸುತ್ತುವಾಗಲೇ ತುದಿಯನ್ನು ಮಡಚಿ ಹಿಡಿ ಬಿಟ್ಟಿದ್ದರೆ ಒಂದೇ ಎಳೆತ. ಬಿಡದವರು ಬ್ಲೇಡು ಹುಡುಕುತ್ತಾರೆ, ಉಡುಪಿನ ಜೊತೆ ಚರ್ಮವನ್ನೂ ಕೊಯ್ದುಕೊಳ್ಳುತ್ತಾರೆ.) ಆಮೇಲೆ ಬೂಟಿನ ಹೊದಿಕೆ, ಹೊರ ಕೈಗವಸು. ಒಳ ಕೈಗವಸು ಇರಲಿ, ಮುಖವಾಡವೂ ಇರಲಿ.

ಈಗ ಸಹಾಯಕರು ನಿಮ್ಮ ಬೆನ್ನ ಹಿಂದೆ ನಿಂತು ತಲೆಯ ಮುಸುಕನ್ನು ಹೊರಮಗ್ಗುಲಾಗಿ ಮಡಚಿ ಹಿಂದಕ್ಕೆ ಸರಿಸಲಿ. ಜಿಪ್ಪು ಇಳಿಸಿ, ಉಡುಪನ್ನು ಭುಜದಿಂದ ಜಾರಿಸಿ, ಚಾಪೆ ಸುತ್ತುವಂತೆ ಕೆಳಕ್ಕೆ ಸುತ್ತುತ್ತ ಹೋಗಬೇಕು. ಕೊಳೆಯ ಮೈ ಸುರುಳಿಯ ಒಳಗೆ, ಶುಚಿಯ ಮೈ ಹೊರಗೆ. ನಿಮ್ಮ ಒಳ ಕೈಗವಸು ಉಡುಪಿನ ಒಳಮೈಯನ್ನು ಬಿಟ್ಟು ಬೇರೇನನ್ನೂ ಮುಟ್ಟಕೂಡದು. ತೊಳೆಯುವ ವಲಯಕ್ಕೂ ಶುಚಿ ವಲಯಕ್ಕೂ ನಡುವಿನ ಗೆರೆಯ ಮೇಲೊಂದು ಬೆಂಚು ಹಾಕಿ ಕುಳಿತು, ಒಂದೊಂದೇ ಕಾಲನ್ನು ಬಿಡಿಸಿ ಅತ್ತ ಕಡೆ ಊರಿ. ನಿಂತುಕೊಂಡು ಒಂಟಿಕಾಲಿನಲ್ಲಿ ಕುಪ್ಪಳಿಸುವವರು ಗೋಡೆಗೋ ಸಹಾಯಕರಿಗೋ ಆತುಕೊಳ್ಳುತ್ತಾರೆ. ಅಲ್ಲಿಗೆ ತೊಳೆದದ್ದೆಲ್ಲ ನೀರುಪಾಲು. ನಿಧಾನವೆನಿಸಿದರೂ ಬೆಂಚು ಬಿಡಬೇಡಿ.

ಇಷ್ಟಾದ ಮೇಲೆ ಮುಖವಾಡ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ತಲೆ ಬಗ್ಗಿಸಿ, ಹಿಂದಿನ ಪಟ್ಟಿ ಹಿಡಿದು ಮುಂದಕ್ಕೆ ತೆಗೆಯಿರಿ. ಮುಂಭಾಗ ಮುಟ್ಟಬೇಡಿ. ಎಲ್ಲಕ್ಕಿಂತ ಕೊನೆಗೆ ಒಳ ಕೈಗವಸು. ಕಲ್ನಾರಿನ ಕೆಲಸವಾದರೆ ಮುಖವಾಡದೊಂದಿಗೇ ಷವರಿನ ಕೆಳಗೆ ನಿಂತು, ನೆನೆದ ಮೇಲೆ ತೆಗೆಯುವುದು ಸರಿ.

4. ತೊಳೆದ ನೀರು ಚರಂಡಿಗಲ್ಲ, ಡ್ರಮ್ಮಿಗೆ. ಕಳಚಿದ್ದು ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ, ಮೇಲೆ ಚೀಟಿ.

5. ಕೈ, ಮುಖ, ತಲೆ ತೊಳೆಯುವ ತನಕ ಚಹಾ, ಬೀಡಿ ಯಾವುದೂ ಇಲ್ಲ. ಕೆಲಸದ ಬಟ್ಟೆ ಮನೆಗೆ ಹೋಗಬಾರದು. ಕಲ್ನಾರಿನ ಬಟ್ಟೆ ಒಗೆದಷ್ಟಕ್ಕೇ ಕ್ಯಾನ್ಸರ್ ತಗುಲಿದ ಹೆಂಡತಿಯರಿದ್ದಾರೆ. ಅಪ್ಪನ ಬಟ್ಟೆಯ ಸೀಸ ಮಕ್ಕಳ ರಕ್ತಕ್ಕೆ ಸೇರಿದ್ದೂ ಇದೆ.

ನೀರಿನ ನಲ್ಲಿ ನಿಲ್ಲಿಸುವ ಮೊದಲು ಒಮ್ಮೆ ತಿರುಗಿ ನೋಡಿ. ಸಹಾಯಕರು ಇನ್ನೂ ಕೈಗವಸಿನಲ್ಲೇ ನಿಂತಿರುತ್ತಾರೆ. ಅವರೂ ಇದೇ ಕ್ರಮದಲ್ಲಿ ಕಳಚಿ ಬರಬೇಕು.