ಕಟ್ಟಿನಕೆರೆ ಮಾರುಕಟ್ಟೆಯ ನೊಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ್ದು

ನೊಣ ರೋಗ ಹರಡುತ್ತದೆ ಅಂತ ಪಾಠದಲ್ಲಿ ಪ್ರತಿ ವರ್ಷ ಹೇಳುತ್ತೇನೆ. ನಮ್ಮೂರಿನ ನೊಣ ಏನನ್ನು ಹೊತ್ತು ತಿರುಗುತ್ತಿದೆ ಅಂತ ಮಕ್ಕಳು ಕಣ್ಣಾರೆ ನೋಡಲಿ ಅನ್ನಿಸಿತು. ಅದಕ್ಕೇ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಹೋದೆ. ಮಳೆ ಆಗಷ್ಟೇ ಹಿಡಿದಿತ್ತು, ಹಲಸಿನ ಹಣ್ಣಿನ ಕಾಲ. ನೊಣಕ್ಕೂ ಅದೇ ಸುಗ್ಗಿ.

ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಆ ತಂಪಿಗೆ ನೊಣ ಮಂಕಾಗಿರುತ್ತದೆ, ಬಲೆಗೆ ಸುಲಭವಾಗಿ ಬೀಳುತ್ತದೆ. ಮೀನಂಗಡಿಯದ್ದು, ಹಣ್ಣಿನ ಗಾಡಿಯದ್ದು, ಕಸದ ರಾಶಿಯದ್ದು ಬೇರೆ ಬೇರೆ ಟ್ಯೂಬಿಗೆ ಹೋಗಬೇಕು. ಎಲ್ಲಾ ಒಂದೇ ಡಬ್ಬಿಗೆ ತುಂಬಿದರೆ ಒಂದರ ಮೈಯದ್ದು ಇನ್ನೊಂದಕ್ಕೆ ಅಂಟುತ್ತದೆ, ಆಮೇಲೆ ಎಷ್ಟು ನೋಡಿದರೂ ಪ್ರಯೋಜನ ಇಲ್ಲ.

ಸಿಕ್ಕಿದ್ದು ಮುಖ್ಯವಾಗಿ ಎರಡು ಬಗೆ. ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಇರುವ ಮನೆನೊಣ ಒಂದು. ಹೊಳೆಯುವ ಹಸಿರು-ನೀಲಿ ಮೈ, ದೊಡ್ಡ ಕೆಂಪು ಕಣ್ಣಿನ ಕ್ರೈಸೊಮಿಯಾ ಇನ್ನೊಂದು. ಇದು ಮಲದ ಮೇಲೂ ಕೂರುತ್ತದೆ, ಹಲಸಿನ ತೊಳೆಯ ಮೇಲೂ ಕೂರುತ್ತದೆ.

ಲ್ಯಾಬಿನಲ್ಲಿ ಮೊದಲು ಹೊರಮೈ ನೋಡಬೇಕು. ಟ್ಯೂಬಿಗೆ ಸ್ವಲ್ಪ ಸಲೈನ್ (ಉಪ್ಪುನೀರು) ಹಾಕಿ ಚೆನ್ನಾಗಿ ಅಲುಗಾಡಿಸಿ, ನೊಣ ತೆಗೆದು, ಆ ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ, ಅಂದರೆ ರಭಸವಾಗಿ ಸುತ್ತಿಸಿ ಗಸಿಯನ್ನು ತಳಕ್ಕಿಳಿಸುವ ಯಂತ್ರದಲ್ಲಿ, ತಿರುಗಿಸಿದೆವು. ತಳದ ಗಸಿಯ ಒಂದು ಹನಿ ಸ್ಲೈಡಿಗೆ, ಜೊತೆಗೆ ಅಯೋಡಿನ್. ಆಮೇಲೆ ಅದೇ ನೊಣವನ್ನು ಶೇಕಡಾ 70ರ ಆಲ್ಕೋಹಾಲ್‌ನಲ್ಲಿ ತೊಳೆದು, ಮತ್ತೆ ಸಲೈನ್‌ನಲ್ಲಿ ಜಾಲಿಸಿ, ಕರುಳು ಬಿಡಿಸಿದೆವು. ಕೊನೆಯ ಸಲ ತೊಳೆದ ನೀರನ್ನೂ ಒಮ್ಮೆ ನೋಡಲೇಬೇಕು. ಅದು ಖಾಲಿ ಇದ್ದರೆ ಮಾತ್ರ ಕರುಳಿನಲ್ಲಿ ಕಂಡದ್ದು ಕರುಳಿನದ್ದೇ ಅನ್ನಬಹುದು. ಈ ಹೆಜ್ಜೆಯನ್ನು ಬಿಡಲು ನಾನು ಯಾರಿಗೂ ಒಪ್ಪುವುದಿಲ್ಲ.

ನಾವು ಹುಡುಕುತ್ತಿದ್ದದ್ದು ಮನುಷ್ಯರ ಕರುಳಿಗೆ ಸೇರುವ ಹುಳುಗಳ ಮೊಟ್ಟೆ ಮತ್ತು ಅಮೀಬಾ. ಕಷ್ಟ ಇರುವುದು ಗುರುತು ಹಿಡಿಯುವುದರಲ್ಲಿ. ಮಾರುಕಟ್ಟೆ ನೊಣದ ಮೈತುಂಬ ಪರಾಗ, ಬೂಷ್ಟಿನ ಕಣ, ಆಲೂಗಡ್ಡೆಯ ಪಿಷ್ಟ. ಪಿಷ್ಟ ಅಯೋಡಿನ್‌ಗೆ ಕಡುನೀಲಿ ಆಗುತ್ತದೆ, ಬೇಗ ತಿಳಿಯುತ್ತದೆ. ಪರಾಗ ಹಾಗಲ್ಲ, ಜಂತುಹುಳುವಿನ ಮೊಟ್ಟೆಯಂತೆಯೇ ಕಾಣುತ್ತದೆ. ಅಳತೆ ಪಟ್ಟಿ ಇರುವ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಜಂತುಹುಳುವಿನ ಮೊಟ್ಟೆ ಸುಮಾರು 45ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಉದ್ದ, ಕಂದು ಬಣ್ಣ, ಹೊರಗೆ ಉಬ್ಬುಉಬ್ಬು. ಚಾಟಿಹುಳುವಿನದ್ದು ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯ ಹಾಗೆ. ಅಮೀಬಾದ ಸಿಸ್ಟ್, ಅಂದರೆ ಕವಚದೊಳಗೆ ಸುಪ್ತವಾಗಿರುವ ಅಮೀಬಾ, ಬರೀ 10ರಿಂದ 20 ಮೈಕ್ರಾನ್. ಅದರಲ್ಲೂ ಆಮಶಂಕೆ ತರುವ ಅಮೀಬಾಕ್ಕೂ ಏನೂ ಮಾಡದ ಅದರ ಜೋಡಿಗೂ ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ನಮ್ಮ ಪುಸ್ತಕದಲ್ಲಿ ‘ಅಮೀಬಾ ಸಿಸ್ಟ್’ ಅಂತಷ್ಟೇ ಬರೆಸಿದೆ.

ಮೀನಂಗಡಿಯ ಹಸಿರು ನೊಣದಲ್ಲಿ ಜಂತುಹುಳುವಿನ ಮೊಟ್ಟೆ ಕಂಡವು. ಸಿಸ್ಟ್‌ಗಳು ಹೊರಮೈಗಿಂತ ಕರುಳಿನಲ್ಲೇ ಜಾಸ್ತಿ. ಅದು ಸಹಜ, ಒಣಗಿದರೆ ಸಿಸ್ಟ್ ಸಾಯುತ್ತದೆ, ಹೊಟ್ಟೆಯೊಳಗೆ ಒದ್ದೆಯಲ್ಲಿ ಉಳಿಯುತ್ತದೆ.

ಹಲಸು ಮಾರುವ ಅಕ್ಕ ಒಬ್ಬರು ಕೇಳಿದರು, “ಮೇಷ್ಟ್ರೇ, ಒಂದ್ ನೊಣ ಕೂತ್ರೆ ಅಷ್ಟೊಂದ್ ಏನಾಗುತ್ತೆ?” ಒಳ್ಳೆಯ ಪ್ರಶ್ನೆ, ಅಲ್ವಾ? ಜಂತುಹುಳುವಿನ ಹೊಸ ಮೊಟ್ಟೆ ತಿಂದ ಕೂಡಲೇ ಹುಳು ಆಗುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿಯಬೇಕು. ಸಿಸ್ಟ್ ಹಾಗಲ್ಲ, ಆ ಕ್ಷಣದಲ್ಲೇ ಸಿದ್ಧ. ನೊಣ ಅಗಿಯಲಾರದು, ತಿನ್ನುವ ಮೊದಲು ಹೊಟ್ಟೆಯದ್ದನ್ನು ಕಕ್ಕಿ, ಕರಗಿಸಿ ಹೀರುತ್ತದೆ, ಅಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಮೀನು, ಆಲೂಗಡ್ಡೆಯನ್ನು ಬೇಯಿಸುತ್ತೇವೆ, ಸಿಸ್ಟ್ ಸಾಯುತ್ತದೆ. ಹಲಸಿನ ತೊಳೆ, ಉಪ್ಪುಖಾರ ಹಚ್ಚಿದ ಸೌತೆಕಾಯಿ ಹಾಗೇ ಬಾಯಿಗೆ ಹೋಗುತ್ತವಲ್ಲ. ಅದಕ್ಕೇ ಮೊದಲು ಮುಚ್ಚಬೇಕಾದ್ದು ಹೆಚ್ಚಿಟ್ಟ ಹಣ್ಣು ಅಂದೆ.

ಅವರಿಗೂ ಒಂದು ಸಿಸ್ಟ್ ತೋರಿಸಿದೆವು. ಈಗ ಗಿರಾಕಿ ಕೇಳಿದ ಮೇಲೆಯೇ ಹಣ್ಣು ಬಿಡಿಸುತ್ತಾರೆ, ಉಳಿದ ತೊಳೆಗೆ ಸೊಳ್ಳೆಪರದೆಯ ತುಂಡು ಮುಚ್ಚುತ್ತಾರೆ. ಸಿಪ್ಪೆ ರಾಶಿ ಮಾತ್ರ ಇನ್ನೂ ಗಾಡಿಯ ಪಕ್ಕದಲ್ಲೇ. ನೊಣ ಅದರಲ್ಲೇ ಮೊಟ್ಟೆ ಇಡುತ್ತದೆ, ಬೆಚ್ಚಗಿದ್ದರೆ ಆ ಮೊಟ್ಟೆಯಿಂದ ನೊಣ ಆಗಲು ಏಳರಿಂದ ಹತ್ತು ದಿನ ಸಾಕು. ವಾರ ತುಂಬುವ ಮೊದಲೇ ಆ ರಾಶಿಯನ್ನು ಎತ್ತಿಸಿ ಅಂತ ಅಂಗಡಿಯವರಿಗೆಲ್ಲ ಹೇಳುತ್ತಾ ಬಂದಿದ್ದೇನೆ.