ಮಕ್ಕಳನ್ನು ಕರೆದುಕೊಂಡು ಅಣೆಕಟ್ಟು ನೋಡಲು ಹೋಗುವವರಿಗೆ

ಸಾಗರದ ಹತ್ತಿರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಹೇಳಿಕೊಟ್ಟೆ. ಅಷ್ಟರಲ್ಲಿ ಕಡಿಮೆ ಅಂದರೂ ಹದಿನೈದು ಸಲ ಮಕ್ಕಳನ್ನು ಕಟ್ಟಿಕೊಂಡು ಅಣೆಕಟ್ಟು, ಪವರ್ ಹೌಸ್ ಅಂತ ತಿರುಗಿದ್ದೇನೆ. ಈಗ ಬೇರೆ ಊರಿನ ಟೀಚರ್‌ಗಳು ಫೋನ್ ಮಾಡಿ, ಹೇಗೆ ಹೋಗಬೇಕು, ಏನು ತೋರಿಸಬೇಕು ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆ ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲ ಕೆಲಸ ಅನುಮತಿ. ಜೋಗಕ್ಕೆ ಹೋದ ಹಾಗೆ ಗೇಟಿನಲ್ಲಿ ಟಿಕೆಟ್ ತಗೊಂಡು ಪವರ್ ಹೌಸ್ ಒಳಗೆ ಹೋಗಲು ಆಗುವುದಿಲ್ಲ. ಅವು ಕಾವಲಿರುವ ಜಾಗಗಳು. ಶರಾವತಿಯ ಯೋಜನೆಗಳನ್ನು ನೋಡಿಕೊಳ್ಳುವುದು ಕರ್ನಾಟಕ ವಿದ್ಯುತ್ ನಿಗಮ. ಶಾಲೆಯ ಲೆಟರ್‌ಹೆಡ್‌ನಲ್ಲಿ ಸಾಕಷ್ಟು ಮೊದಲೇ ಪತ್ರ ಬರೆಯಿರಿ. ಎಷ್ಟು ಮಕ್ಕಳು, ಯಾವ ತರಗತಿ, ಜೊತೆಗೆ ಬರುವ ಶಿಕ್ಷಕರ ಹೆಸರು, ಬಸ್ಸಿನ ನಂಬರ್ ಎಲ್ಲ ಇರಲಿ. ಇನ್ನೊಂದು ಮುಖ್ಯ ವಿಷಯ: ಏನೇನು ನೋಡಬೇಕು ಅನ್ನುವುದನ್ನು ಬಿಡಿಬಿಡಿಯಾಗಿ ಬರೆಯಿರಿ. ಅಣೆಕಟ್ಟಿನ ಮೇಲೆ, ಪವರ್ ಹೌಸ್, ಮಾದರಿ ಇಟ್ಟಿರುವ ಮಾಹಿತಿ ಕೇಂದ್ರ, ಹೀಗೆ. ಒಂದು ವರ್ಷ ನಾನು ಸುಮ್ನೆ 'ಅಣೆಕಟ್ಟು ವೀಕ್ಷಣೆ' ಅಂತ ಬರೆದಿದ್ದೆ. ಪವರ್ ಹೌಸ್ ಬಾಗಿಲಲ್ಲಿ ನಲವತ್ತೆರಡು ಮಕ್ಕಳು ಮಳೆಯಲ್ಲಿ ಒಂದು ಗಂಟೆ ನಿಂತು ವಾಪಸ್ ಬಂದರು. ಆ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಅನುಮತಿ ಪತ್ರದ ಮೂರು ಪ್ರತಿ ಇಟ್ಟುಕೊಳ್ಳಿ, ಒಂದೊಂದು ಗೇಟಿನಲ್ಲಿ ಒಂದೊಂದು ಕೇಳುತ್ತಾರೆ.

ಯಾವಾಗ ಹೋಗಬೇಕು? ಎಲ್ಲರೂ ಮಳೆಗಾಲ ಅನ್ನುತ್ತಾರೆ. ಜೋಗ ನೋಡಲು ಅದು ಸರಿ. ಆದರೆ ಕಲಿಯಲು ಹೋಗುವವರಿಗೆ ನನ್ನ ಮಾತು ನವೆಂಬರ್ ಕೊನೆ. ಮಂಜು ಮುಸುಕಿರುವುದಿಲ್ಲ, ಉಂಬಳದ ಕಾಟ ಇರುವುದಿಲ್ಲ, ಹಿನ್ನೀರು ಇನ್ನೂ ತುಂಬಿಕೊಂಡೇ ಇರುತ್ತದೆ. ಸಾಗರದಿಂದ ಜೋಗಕ್ಕೆ ಸುಮಾರು 30 ಕಿಲೋಮೀಟರ್. ರೈಲಿನಲ್ಲಿ ಬರುವವರು ತಾಳಗುಪ್ಪದಲ್ಲಿ ಇಳಿಯಬೇಕು, ಹಳಿ ಅಲ್ಲಿಗೇ ಮುಗಿಯುತ್ತದೆ. ತಿರುವು ರಸ್ತೆಯಲ್ಲಿ ಕೆಲವು ಮಕ್ಕಳಿಗೆ ವಾಂತಿ ಬರುತ್ತದೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಾಯಿಗೆ ಒಣಗಿಸಿದ ನೆಲ್ಲಿಕಾಯಿ ಕೊಡಿ. ಬುತ್ತಿ ಮನೆಯಿಂದಲೇ ಬರಲಿ.

ಇನ್ನು ಹೋಗುವ ಹಿಂದಿನ ವಾರ ಶಾಲೆಯಲ್ಲೇ ಮಾಡಬೇಕಾದ ಕೆಲಸ. ಇದನ್ನು ಬಿಟ್ಟರೆ ಮಕ್ಕಳಿಗೆ ಅಲ್ಲಿ ಕಾಣುವುದು ದೊಡ್ಡ ಗೋಡೆ ಮತ್ತು ಸದ್ದು ಮಾಡುವ ಯಂತ್ರ ಅಷ್ಟೇ.

ಡೈನಮೋ ಇರುವ ಹಳೆಯ ಸೈಕಲ್ ಒಂದನ್ನು ಹುಡುಕಿ ತನ್ನಿ. ಸ್ಟ್ಯಾಂಡ್ ಹಾಕಿ, ಡೈನಮೋ ಚಕ್ರಕ್ಕೆ ತಾಗದಂತೆ ಇಟ್ಟು ಒಬ್ಬ ಹುಡುಗಿಗೆ ಕೈಯಲ್ಲಿ ಪೆಡಲ್ ತಿರುಗಿಸಲು ಹೇಳಿ. ಹಗುರವಾಗಿ ತಿರುಗುತ್ತದೆ. ಈಗ ಡೈನಮೋ ತಾಗಿಸಿ ದೀಪ ಹತ್ತಿಸಿ. ಪೆಡಲ್ ತಟ್ಟನೆ ಭಾರವಾಗುತ್ತದೆ. ಆ ಭಾರವನ್ನು ಪ್ರತಿ ಮಗುವೂ ತನ್ನ ಕೈಯಲ್ಲೇ ಅನುಭವಿಸಬೇಕು, ಅವಸರ ಮಾಡಬೇಡಿ. ಸಂಜೆ ಎಲ್ಲ ಮನೆಗಳಲ್ಲಿ ದೀಪ ಹತ್ತಿದಾಗ ಪವರ್ ಹೌಸಿನ ಚಕ್ರಕ್ಕೂ ಹೀಗೇ ಭಾರ ಬೀಳುತ್ತದೆ, ಆಗ ಅದಕ್ಕೆ ಜಾಸ್ತಿ ನೀರು ಬಿಡಬೇಕು ಅಂತ ಹೇಳಿ. ಕಲ್ಲಿದ್ದಲಿನ ಸ್ಥಾವರ ತಣ್ಣಗಿದ್ದರೆ ಬಿಸಿಯಾಗಿ ಓಡಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರಕ್ಕೆ ಕೆಲವು ನಿಮಿಷ ಸಾಕು. ಸಂಜೆ ಹೊತ್ತಿಗೆ ಶರಾವತಿಯನ್ನು ನೆಚ್ಚಿಕೊಳ್ಳುವುದು ಅದಕ್ಕೇ.

ಎರಡನೆಯದು ಲೆಕ್ಕ. ಸಾವಿರ ಲೀಟರ್ ನೀರು 400 ಮೀಟರ್ ಎತ್ತರದಿಂದ ಇಳಿದರೆ, ನಡುವೆ ಪೋಲಾಗುವುದನ್ನು ಬಿಟ್ಟು, ಸುಮಾರು ಒಂದು ಯೂನಿಟ್ ಕರೆಂಟ್ ಆಗುತ್ತದೆ. ಅಂದರೆ ಮನೆ ಮೇಲಿನ ಕಪ್ಪು ಟ್ಯಾಂಕ್ ಒಂದು ತುಂಬ ನೀರಿಗೆ ಒಂದು ಯೂನಿಟ್. ಎತ್ತರ 40 ಮೀಟರ್ ಮಾತ್ರ ಇದ್ದರೆ ಅದೇ ಒಂದು ಯೂನಿಟ್‌ಗೆ ಹತ್ತು ಟ್ಯಾಂಕ್ ಬೇಕು. ಘಟ್ಟದ ಅಂಚಿನಲ್ಲೇ ಯಾಕೆ ಇಷ್ಟು ಪವರ್ ಹೌಸ್ ಕಟ್ಟಿದರು ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ. ನೀವು ಹೇಳಬೇಡಿ, ಮಕ್ಕಳೇ ಹೇಳಲಿ.

ಪೇಪರಿನಲ್ಲಿ ಬರುವ ಜಲಾಶಯದ ಮಟ್ಟವನ್ನೂ ಒಂದು ದಿನ ಬೋರ್ಡಿನ ಮೇಲೆ ಬರೆಯಿರಿ. ಶರಾವತಿಗೆ ಕಟ್ಟಿದ ದೊಡ್ಡ ಅಣೆಕಟ್ಟು ಲಿಂಗನಮಕ್ಕಿ, ಅದು ತುಂಬಿದರೆ 1819 ಅಡಿ. ಭದ್ರಾ ತುಂಬಿದರೆ 186 ಅಡಿ. ಹಾಗಾದರೆ ಲಿಂಗನಮಕ್ಕಿ ಹತ್ತು ಪಟ್ಟು ಆಳವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಒಳ್ಳೆಯ ಪ್ರಶ್ನೆ. ಲಿಂಗನಮಕ್ಕಿಯದು ಸಮುದ್ರ ಮಟ್ಟದಿಂದ ಅಳೆದ ಎತ್ತರ, ಭದ್ರಾದ್ದು ಅಲ್ಲಿಯ ತಳದಿಂದ ಅಳೆದದ್ದು. ಗಾಜನೂರಿನ ತುಂಗಾ ಅಣೆಕಟ್ಟಿನದು ಮೀಟರ್ ಲೆಕ್ಕ, 588.24. ಒಂದೇ ಜಿಲ್ಲೆಯವರು ದಿನಾ ಓದುವ ಮೂರು ಸಂಖ್ಯೆ, ಮೂರಕ್ಕೂ ಬೇರೆ ಬೇರೆ ಅಳತೆ.

ಹೋದ ದಿನ ಮೊದಲು ಮಾದರಿ ನೋಡಿ, ಆಮೇಲೆ ಯಂತ್ರ. ದೊಡ್ಡ ಮಾಹಿತಿ ಕೇಂದ್ರವೇ ಇರಲಿ, ಒಂದು ಕೋಣೆಯಲ್ಲಿಟ್ಟ ಮೇಜಿನಷ್ಟು ಮಾದರಿಯೇ ಇರಲಿ, ಮಕ್ಕಳಿಗೆ ನೀರಿನ ದಾರಿಯ ಮೇಲೆ ಬೆರಳಾಡಿಸಲು ಹೇಳಿ. ಮುಟ್ಟಬಾರದು ಅಂದರೆ ಗಾಳಿಯಲ್ಲೇ ಆಡಿಸಲಿ. ಶರಾವತಿ ಹುಟ್ಟುವ, ತೀರ್ಥಹಳ್ಳಿ ಕಡೆಯ ಅಂಬುತೀರ್ಥದಿಂದ ಶುರು ಮಾಡಿ. ಲಿಂಗನಮಕ್ಕಿಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿಂದ ಹೊರಡುವಾಗ ಅಣೆಕಟ್ಟಿನ ಪವರ್ ಹೌಸಿನಲ್ಲಿ ಒಮ್ಮೆ ದುಡಿಯುತ್ತದೆ, ಅದು 55 ಮೆಗಾವ್ಯಾಟ್. ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹೋಗಿ, ದಪ್ಪ ಕೊಳವೆಗಳಲ್ಲಿ ಘಟ್ಟ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅಲ್ಲಿ 1035 ಮೆಗಾವ್ಯಾಟ್. ಆಮೇಲೆ ಗೇರುಸೊಪ್ಪದಲ್ಲಿ ಇನ್ನೊಮ್ಮೆ, 240 ಮೆಗಾವ್ಯಾಟ್. ಅದಾದ ಮೇಲೆ ಹೊನ್ನಾವರದ ಸಮುದ್ರ. ಒಂದೇ ನೀರು ಮೂರು ಕಡೆ ದುಡಿಯುತ್ತದೆ. ಜೋಗದ ಬುಡದ ಮಹಾತ್ಮ ಗಾಂಧಿ ವಿದ್ಯುದಾಗಾರ ಈ ಸಾಲಿಗೆ ಸೇರಿಲ್ಲ, ಅದರ ದಾರಿ ಬೇರೆ. 1948ರಲ್ಲಿ ಶುರುವಾದ ಅದು ಇವೆಲ್ಲಕ್ಕೂ ಅಣ್ಣ.

ಹಳೆಯ ಪೆಲ್ಟನ್ ಚಕ್ರ ಎಲ್ಲಾದರೂ ನೋಡಲು ಸಿಕ್ಕರೆ ಹತ್ತು ನಿಮಿಷ ಅಲ್ಲೇ ನಿಲ್ಲಿ. ಸುತ್ತಲೂ ಬಟ್ಟಲುಗಳಿರುತ್ತವೆ. ಒಂದೊಂದು ಬಟ್ಟಲೂ ಎರಡು ಬೊಗಸೆ ಅಂಟಿಸಿದ ಹಾಗೆ, ನಡುವೆ ಚೂಪಾದ ಏಣು. ನೀರಿನ ಧಾರೆ ಆ ಏಣಿಗೆ ಬಡಿದು ಎರಡು ಕಡೆ ಸೀಳಿ, ಬಟ್ಟಲಲ್ಲಿ ತಿರುಗಿ ಹಿಂದಕ್ಕೆ ಬೀಳುತ್ತದೆ. ತನ್ನಲ್ಲಿದ್ದ ಬಲವನ್ನೆಲ್ಲ ಚಕ್ರಕ್ಕೆ ಕೊಟ್ಟು ಸುಸ್ತಾಗಿ ಬೀಳುತ್ತದೆ ಅನ್ನುತ್ತಿದ್ದೆ ನಾನು.

ಈಗ ನನಗೆ ತುಂಬಾ ಮುಖ್ಯವಾದ ಮಾತು. ಮಾದರಿಯಲ್ಲಿ ಅಣೆಕಟ್ಟಿನ ಹಿಂದೆ ನೀಲಿ ಬಣ್ಣ ಬಳಿದಿರುತ್ತಾರೆ. ಗೈಡ್ ಅದನ್ನು 'ಜಲಾಶಯ, 151 ಟಿಎಂಸಿ' ಅಂದು ಮುಂದೆ ಹೋಗುತ್ತಾರೆ. ನೀವು ಅಲ್ಲಿ ನಿಲ್ಲಬೇಕು. ಮುಂಚೆ ಇಲ್ಲಿ ಏನಿತ್ತು ಅಂತ ಮಕ್ಕಳನ್ನು ಕೇಳಿ. ನಮ್ಮ ಅಜ್ಜಿಯ ತವರುಮನೆ ಆ ನೀಲಿಯೊಳಗಿದೆ. ಗದ್ದೆ, ಅಡಿಕೆ ತೋಟ, ದೇವರ ಬನ, ದೋಣಿ ಕಟ್ಟುವ ಹೊಳೆಬಾಗಿಲು ಎಲ್ಲ ಅಲ್ಲೇ ಉಳಿಯಿತು. 1964ರಲ್ಲಿ ಅಣೆಕಟ್ಟು ಮುಗಿಯಿತು. ಅಜ್ಜಿ ಕೊನೆಯವರೆಗೂ ವರ್ಷಗಳನ್ನು 'ಮುಳುಗಡೆಗೆ ಮುಂಚೆ', 'ಮುಳುಗಡೆ ಆದಮೇಲೆ' ಅಂತಲೇ ಎಣಿಸುತ್ತಿದ್ದರು. ಹಾಗೆ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಜನ ತಾವು ಉಳುವ ನೆಲದ ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡುತ್ತಿದ್ದಾರೆ. ಶಿವಮೊಗ್ಗ ಜಿಲ್ಲೆಯ ಯಾವ ಶಾಲೆಯಲ್ಲಾದರೂ ಅಂಥ ಮನೆಯ ಮಗು ಇರಬಹುದು. ಮೊದಲೇ ವಿಚಾರಿಸಿ, ಆ ಮನೆಯ ಹಿರಿಯರೊಬ್ಬರನ್ನು ಬಸ್ಸಿನಲ್ಲಿ ಜೊತೆಗೆ ಕರೆದುಕೊಂಡು ಬನ್ನಿ. ನಾನು ಮೂರು ಸಲ ಹಾಗೆ ಮಾಡಿದ್ದೇನೆ. ಎಂಬತ್ತು ದಾಟಿದ ಒಬ್ಬರು ಮಾದರಿಯ ನೀಲಿಯ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮ ಕಣ ಇತ್ತು ಮಗಾ" ಅಂದಾಗ ಗಲಾಟೆ ಮಾಡುತ್ತಿದ್ದ ಒಂಬತ್ತನೇ ತರಗತಿ ಪೂರ್ತಿ ಸುಮ್ಮನಾಯಿತು.

ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಹಿನ್ನೀರಿನ ನಡುವೆ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಜೋಗದ ಮೊದಲ ಪವರ್ ಹೌಸಿಗೆ ಅಂತ ಕಟ್ಟಿದ್ದು, ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ಅಂದರೆ ಮಕ್ಕಳು ಮರೆಯುವುದಿಲ್ಲ.

ಪವರ್ ಹೌಸ್ ಒಳಗೆ ಮಾತು ಕೇಳಿಸುವುದಿಲ್ಲ. ಗುಂಯ್ ಅನ್ನುವ ಸದ್ದು ಕಿವಿಗಿಂತ ಹೊಟ್ಟೆಗೆ ಜಾಸ್ತಿ ತಾಗುತ್ತದೆ. ಹೇಳುವುದನ್ನೆಲ್ಲ ಹೊರಗೇ ಹೇಳಿ ಮುಗಿಸಿ. ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಲಿ, ಮೊಬೈಲ್ ಬಸ್ಸಿನಲ್ಲೇ ಇರಲಿ. ಒಳಗೆ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೇ ಬೇಕು. ಅಣೆಕಟ್ಟಿನ ಕೆಳಗೆ ನದಿಗೆ ಮಾತ್ರ ಯಾರನ್ನೂ ಇಳಿಸಬೇಡಿ. ನೀರು ಯಾವಾಗ ಬಿಡುತ್ತಾರೋ ಹೇಳಲು ಬರುವುದಿಲ್ಲ, ಬಂಡೆಗಳೂ ಜಾರುತ್ತವೆ. ಅಲ್ಲಿನ ಕೆಲಸಗಾರರನ್ನು ಮಾತಾಡಿಸಲು ಮಕ್ಕಳನ್ನು ಬಿಡಿ. ರಾತ್ರಿ ಪಾಳಿಯಲ್ಲಿ ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ಬರುವ ಉತ್ತರ ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ.

ವಾಪಸ್ ಬಂದ ಮರುದಿನ ಎಲ್ಲರೂ ಮನೆಯ ಕರೆಂಟ್ ಬಿಲ್ ತರಬೇಕು. ಯೂನಿಟ್ ನೋಡಿ ಪಕ್ಕದಲ್ಲಿ ಟ್ಯಾಂಕ್ ಲೆಕ್ಕ ಬರೆಯಬೇಕು. 45 ಯೂನಿಟ್ ಅಂದರೆ 45 ಟ್ಯಾಂಕ್, ಘಟ್ಟದ ಮೇಲಿಂದ ಇಳಿದದ್ದು. ಆಮೇಲೆ ಇಡೀ ತರಗತಿಯದ್ದು ಕೂಡಿಸಲಿ. ಅದೇ ಪುಟದ ಕೆಳಗೆ ಒಂದು ಖಾಲಿ ಜಾಗ ಬಿಡಿಸಿ, ನೀಲಿಯೊಳಗಿರುವ ಒಂದು ಊರಿನ ಹೆಸರನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲು ಹೇಳಿ.