ಸ್ಟಾರ್ ವಾರ್ಸ್ ಯಾವುದರಿಂದ ಶುರು ಮಾಡೋದು? ಒಂದು ನೋಟ್‌ಬುಕ್ ತಗೊಳ್ಳಿ

ಬಸವನಗುಡಿಯಲ್ಲಿರುವ ತಂಗಿಯ ಮಗಳಿಗೆ ಈ ರಜದಲ್ಲಿ ಸ್ಟಾರ್ ವಾರ್ಸ್ ಅನ್ನೋ ಹಾಲಿವುಡ್ ಬಾಹ್ಯಾಕಾಶ ಸಿನಿಮಾ ಸರಣಿಯ ಹುಚ್ಚು ಹಿಡಿದಿದೆ. 'ಮಾಮ, ಒಂದು, ಎರಡು, ಮೂರು ಅಂತ ನಂಬರ್ ನೋಡ್ಕೊಂಡು ಹೋದ್ರೆ ಆಯ್ತಲ್ವಾ?' ಅಂತ ಕೇಳಿದಳು. ಬೇಡ ಪುಟ್ಟಿ ಅಂದೆ. ಮೊದಲು ಬಂದ ಚಿತ್ರಕ್ಕೇ ನಂಬರ್ ನಾಲ್ಕು; ಒಂದು, ಎರಡು, ಮೂರು ಬಂದಿದ್ದು ಆಮೇಲೆ. 1980ರ ಚಿತ್ರದ ಕೊನೆಯಲ್ಲಿ ಒಂದು ಗುಟ್ಟು ಒಡೆಯುತ್ತದೆ. ನಂಬರ್ ಪ್ರಕಾರ ನೋಡಿದವರಿಗೆ ಅದು ಮೊದಲೇ ಗೊತ್ತಾಗಿಬಿಟ್ಟಿರುತ್ತದೆ. ಬಿಡುಗಡೆಯಾದ ಕ್ರಮವೇ ಸರಿ. ಅದಕ್ಕೊಂದು ಪಟ್ಟಿ ಮಾಡಿಕೊಳ್ಳಿ.

ಉದ್ದನೆಯ ಗೆರೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಬಂದ ವರ್ಷ, ಹೆಸರು, ಕಥೆಯೊಳಗಿನ ಕಾಲ. ಮೊದಲ ಸಾಲಿಗೆ 1976 ಅಂತ ಬರೆಯಿರಿ. ಚಿತ್ರ ಬಂದಿದ್ದು 1977ರ ಮೇ 25ಕ್ಕೆ, ನಿಜ. ಆದರೆ ಅದರ ಕಾದಂಬರಿ 1976ರ ನವೆಂಬರಿನಲ್ಲೇ ಬಂದಿತ್ತು. ಮುಖಪುಟದಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರಿತ್ತು, ಬರೆದವರು ಅಲನ್ ಡೀನ್ ಫಾಸ್ಟರ್. ಮಾರ್ವೆಲ್ ಕಾಮಿಕ್ಸ್‌ನ ಮೊದಲ ಸಂಚಿಕೆಯೂ ಚಿತ್ರಕ್ಕಿಂತ ಮುಂಚೆಯೇ ಬಂತು. ಇಷ್ಟು ದೊಡ್ಡ ಸಿನಿಮಾ ಕಥೆ ಜನರ ಕೈಗೆ ಮೊದಲು ಸಿಕ್ಕಿದ್ದು ಪುಸ್ತಕವಾಗಿ ಅನ್ನೋದು ನನಗೆ ಈಗಲೂ ಖುಷಿ ಕೊಡುತ್ತದೆ.

ಆಮೇಲೆ ಕೆಂಪು ಪೆನ್ನಿನಲ್ಲಿ ಮುಖ್ಯ ಚಿತ್ರಗಳು: 1977, 1980, 1983, 1999, 2002, 2005, 2015, 2017, 2019. ಮೊದಲ ಚಿತ್ರಕ್ಕೆ 'ಎಪಿಸೋಡ್ 4' ಅಂತ ಸೇರಿಸಿದ್ದು 1981ರ ಮರುಬಿಡುಗಡೆಯಲ್ಲಿ. ನಂಬರಿನ ಗೊಂದಲವೆಲ್ಲ ಅಲ್ಲಿಂದಲೇ.

1983ರಿಂದ 1999ರವರೆಗೆ ಹದಿನಾರು ವರ್ಷ ಕೆಂಪು ಸಾಲೇ ಇಲ್ಲ. ಅಲ್ಲಿ ನೀಲಿ ಪೆನ್ನು ತಗೊಳ್ಳಿ. 1985ಕ್ಕೆ ಎರಡು ಕಾರ್ಟೂನ್ ಸರಣಿ, 1991ಕ್ಕೆ ತಿಮೋತಿ ಜಾನ್ ಅವರ 'ಏರ್ ಟು ದಿ ಎಂಪೈರ್' ಕಾದಂಬರಿ. ಸ್ವಲ್ಪ ಮೇಲೆ, 1981ರಲ್ಲಿ, ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಬಂದ 13 ಕಂತಿನ ನಾಟಕವನ್ನು ಮರೀಬೇಡಿ. ಆಕಾಶವಾಣಿ ನಾಟಕ ಕೇಳಿ ಬೆಳೆದವರಿಗೆ ಅದು ತುಂಬ ಹಿಡಿಸುತ್ತದೆ.

ಮೂರನೇ ಕಾಲಂಗೆ ಯಾವಿನ್ ಯುದ್ಧವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. 1977ರ ಚಿತ್ರದ ಕೊನೆಯ ಕಾಳಗ ಅದು. 1999ರ ಚಿತ್ರ ಅದಕ್ಕೆ 32 ವರ್ಷ ಹಿಂದೆ, 2005ರದು 19 ವರ್ಷ ಹಿಂದೆ, 1983ರದು 4 ವರ್ಷ ಮುಂದೆ. ಹೀಗೆ ತುಂಬುತ್ತಾ ಹೋಗಿ.

2014ರ ಏಪ್ರಿಲ್ ಹತ್ತಿರ ದಪ್ಪನೆಯ ಅಡ್ಡಗೆರೆ ಎಳೆಯಿರಿ. ಡಿಸ್ನಿ 2012ರಲ್ಲಿ ಸ್ಟಾರ್ ವಾರ್ಸ್ ಮಾಡಿದ ಕಂಪನಿ ಲ್ಯೂಕಾಸ್‌ಫಿಲ್ಮ್ ಕೊಂಡ ಮೇಲೆ, ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನು ಮುಖ್ಯ ಕಥೆಯಿಂದ ಬೇರೆ ಮಾಡಿ 'ಲೆಜೆಂಡ್ಸ್' ಅಂದಿದ್ದು ಆಗ. ಅಷ್ಟಕ್ಕೇ ಅವನ್ನು ಬಿಡಬೇಡಿ. ತಿಮೋತಿ ಜಾನ್ ಪುಸ್ತಕ ಓದದೆ ಇದ್ದರೆ ನಷ್ಟ ನಮಗೇ.

ಇನ್ನು ಪುಸ್ತಕ ಬೇಟೆ. ಭಾನುವಾರ ಮೆಟ್ರೋದಲ್ಲಿ ಎಂ.ಜಿ. ರೋಡಿಗೆ ಬಂದು ಚರ್ಚ್ ಸ್ಟ್ರೀಟ್‌ಗೆ ನಡೆಯಿರಿ. ಬ್ಲಾಸಮ್ಸ್, ಬುಕ್‌ವರ್ಮ್ ಎರಡೂ ಅಲ್ಲೇ ಇವೆ. ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕಿದರೆ ಮುಖಪುಟ ನೋಡಿ ವರ್ಷ ಬರೆಯಬೇಡಿ. ಒಳಗೆ ಕಾಪಿರೈಟ್ ಪುಟ ತೆಗೆದು ಮೊದಲ ಮುದ್ರಣದ ವರ್ಷ ಹುಡುಕಿ. ಮರುಮುದ್ರಣದ ವರ್ಷ ಬರೆದು ನಾನೇ ಒಂದು ಪುಟ ಹೊಡೆದುಹಾಕಬೇಕಾಯ್ತು.

ಪಟ್ಟಿ ಮುಗಿಯಿತಾ? ಮೊದಲ ಸುತ್ತು ಕೆಂಪು ಸಾಲುಗಳು ಮಾತ್ರ. ಎರಡನೇ ಸುತ್ತಿಗೆ ಕ್ರಮ ಬದಲಿಸಿ: 2022ರಲ್ಲಿ ಶುರುವಾಗಿ 2025ರಲ್ಲಿ ಮುಗಿದ 'ಆಂಡೋರ್' ಸರಣಿ, ಆಮೇಲೆ 2016ರ ಚಿತ್ರ 'ರೋಗ್ ಒನ್', ಅದು ಮುಗಿದ ರಾತ್ರಿಯೇ 1977ರ ಚಿತ್ರ. ಒಂದರ ಕೊನೆಯ ದೃಶ್ಯ ಇನ್ನೊಂದರ ಬಾಗಿಲಿಗೇ ತಂದು ನಿಲ್ಲಿಸುತ್ತದೆ.